ಗಾಯರಾಣದ ಪಂಚನಾಮೆ

ಸಾಲಾಗಿ ನಿಂತ ಕಂಬಗಳನ್ನು ಕಂಡರೆ ನನ್ನ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದು ರೋಗವಲ್ಲ, ನೌಕರಿ. ಮೋಜಣಿ ಇಲಾಖೆಯಲ್ಲಿ, ಅಂದರೆ ಊರೂರಿನ ಹೊಲ ಅಳೆಯುವ ಇಲಾಖೆಯಲ್ಲಿ, ಮೂವತ್ತನಾಲ್ಕು ವರ್ಷ ಸವೆಸಿದವನು ನಾನು. ಒಂದು ಕಣ್ಣು ಮುಚ್ಚಿ ನೋಡಿದಾಗ ಮೊದಲ ಕಂಬದ ಹಿಂದೆ ಉಳಿದವೆಲ್ಲ ಅಡಗಿದರೆ ಸಾಲು ನೇರ. ಒಂದಾದರೂ ಹೊರಗೆ ಇಣುಕಿದರೆ ಸೊಟ್ಟ. ನಿವೃತ್ತಿಯ ಆದೇಶ ನನ್ನ ಕೈಗೆ ಬಂದು ಎಷ್ಟೋ ವರ್ಷವಾದರೂ ಕಣ್ಣಿಗಿನ್ನೂ ತಲುಪಿಲ್ಲ. ಕಿತ್ತೂರಿನಲ್ಲಿ ನನ್ನ ಷಡ್ಡಕನ ಮಗಳ ಮದುವೆ. ಹಂದರದ ಕಂಬಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಸಾಲಿನ ಆ ತುದಿಗೆ ಬೀಗರ ಕಡೆಯ ಹೆಣ್ಣುಮಗಳೊಬ್ಬರು ಕುಳಿತಿದ್ದರೆಂಬುದು, ಅವರ ಯಜಮಾನರು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಾಗಲೇ ತಿಳಿದದ್ದು. ಹಂದರ ಎರಡು ಬೆರಳು ಸೊಟ್ಟಗಿದೆ ಎಂದು ವಿವರಿಸಿದೆ. ಅವರು ನಂಬಲಿಲ್ಲ. ನಮ್ಮ ಮನೆಯವರು ಈ ಹೊತ್ತಿನವರೆಗೂ ನಂಬಿಲ್ಲ.

ನಂಬುವುದು ನಮ್ಮ ಕಸುಬಿನಲ್ಲಿ ಬಳಕೆಯಲ್ಲಿರುವ ಪದವೂ ಅಲ್ಲ. ಸರಪಳಿ, ಗೂಟ, ನಿಶಾನೆಗಳಂತೆ ಸಂಶಯವೂ ಇಲಾಖೆ ಕೊಟ್ಟ ಒಂದು ಉಪಕರಣ. ನಾವು ಬರುವ ಮುನ್ನಾದಿನ ಹೊಲದ ಒಡೆಯ ಗಡಿಕಲ್ಲು ಸರಿಸಿದ್ದಾನೆಂದು ನಮಗೆ ಸಂಶಯ. ನಾವು ಪಕ್ಕದ ಹೊಲದವನ ಮನೆಯಲ್ಲಿ ಹೋಳಿಗೆ ಉಂಡು ಬಂದಿದ್ದೇವೆಂದು ಅವನಿಗೆ ಸಂಶಯ. ಸಾಮಾನ್ಯವಾಗಿ ಎರಡೂ ಖರೆ ಇರುತ್ತಿದ್ದವು. ಆದ್ದರಿಂದ ಕೆಲಸ ಸುಸೂತ್ರವಾಗಿ ನಡೆಯುತ್ತಿತ್ತು.

ನಮ್ಮೂರು ಮುನವಳ್ಳಿಗೂ ಹೂಲಿಗೂ ನಡುವೆ ಇದೆ. ಡ್ರೈವರನ ಮನಸ್ಸು ಚೆನ್ನಾಗಿದ್ದರೆ ಬಸ್ಸು ನಿಲ್ಲುತ್ತದೆ. ಊರ ಮಗ್ಗುಲಿನ ದಿನ್ನೆಯೇ ಗಾಯರಾಣ: ದನಕುರಿ ಮೇಯಲೆಂದು ಹಿಂದಿನವರು ಬಿಟ್ಟ ನೆಲ. ಒಬ್ಬರದೂ ಅಲ್ಲವಾದ್ದರಿಂದ ಅದರ ಬಗ್ಗೆ ಊರಿನ ಎಲ್ಲರೂ ಜಗಳಾಡಬಹುದು. ಗಿಡ್ಡ ಹುಲ್ಲು, ಅಲ್ಲಲ್ಲಿ ಜಾಲಿ, ಕವಳಿ ಕಂಟಿ, ಕರಿಕಲ್ಲು. ನೆತ್ತಿಯ ಮೇಲೆ ನಿಂತರೆ ಒಂದು ಕಡೆ ಮಲಪ್ರಭೆಯ ಹಿನ್ನೀರು, ಇನ್ನೊಂದು ಕಡೆ ಸವದತ್ತಿ ಗುಡ್ಡಗಳ ಮೇಲಿನ ಗಾಳಿಯಂತ್ರ. ಹೋದ ವರ್ಷ ಈ ಗಾಯರಾಣದ ಮೂಡಣ ತುಂಡಿಗೆ ಯಾವುದೋ ಕಂಪನಿಯ ತಂತಿಬೇಲಿ ಬಿತ್ತು. ಬೇಲಿಯೊಳಗೆ ಇಂದಿಗೂ ಒಂದು ಇಟ್ಟಂಗಿ ಇಟ್ಟಿಲ್ಲ, ಆದರೆ ಕುರಿ ಹೋಗುವಂತಿಲ್ಲ. ಉಳಿದ ನೆಲವೂ ಹಾಗೇ ಹೋದರೆ ಕುರುಬರ ಮಾಳಪ್ಪ ತನ್ನ ಹಿಂಡು ಮಾರಬೇಕಾಗುತ್ತದೆ. ನನ್ನ ವಾರಿಗೆಯವನು, ಎಪ್ಪತ್ತರ ಹತ್ತಿರದವನು. ಕುರಿ ಬಿಟ್ಟರೆ ಬೇರೆ ಉದ್ಯೋಗ ಅವನಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಈ ವರ್ಷ ಸೀಗಿ ಹುಣ್ಣಿಮೆ ಮುಗಿದ ಮೂರನೆಯ ದಿನ, ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ, ಅದೇ ಮಾಳಪ್ಪ ನಮ್ಮ ಬಾಗಿಲು ಬಡಿದ.

"ಮೋಜಣಿ ಸಾಹೇಬ್ರ! ಏಳ್ರಿ! ಗಾಯರಾಣದಾಗ ಯಾರೋ ಕಂಬಾ ನೆಟ್ಟಾರ್ರಿ!"

"ಎಷ್ಟು ಕಂಬ?" ಎಂದೆ ಹಾಸಿಗೆಯಿಂದಲೇ.

"ಸಾಲಾಗಿ ಅದಾವ್ರಿ. ಮೂರ ಮಂದಿ ಅದಾರ. ಒಬ್ಬಾಕಿ ಹೆಣಮಗಳು, ಹಣಿಗೆ ದೀಪಾ ಕಟಗೊಂಡಾಳ."

ಕಂಬ, ಸಾಲು, ಬೆಳಕು ಹರಿಯುವ ಮೊದಲು! ಮೂವತ್ತನಾಲ್ಕು ವರ್ಷದಲ್ಲಿ ನಾನು ಸ್ವತಃ ಅಷ್ಟು ಬೇಗ ಯಾವ ಹೊಲಕ್ಕೂ ಹೋದವನಲ್ಲ. ಸರಕಾರಿ ಕೆಲಸವಂತೂ ಅಲ್ಲ. ಯಾವುದೋ ಕಂಪನಿಯದೇ ಎಂದು ಅಲ್ಲೇ ತೀರ್ಮಾನಿಸಿದೆ. ಕೋಟು ಹಾಕಿಕೊಂಡೆ, ಅಳತೆಯ ಟೇಪು ಕಿಸೆಗಿಟ್ಟೆ, ಒಂದು ದಸ್ತು ಬಿಳಿ ಹಾಳೆ ಬಗಲಿಗಿಟ್ಟೆ. ನಮ್ಮ ಮನೆಯವರು ಅಡುಗೆಮನೆಯಿಂದಲೇ ಕೂಗಿದರು: "ಏನ್ರೀ, ಹೆಣ್ಣಮಕ್ಕಳು ಇದ್ದಾರಂತ ಅಲ್ಲೆ. ಕಣ್ಣು ಎರಡೂ ತೆರಕೊಂಡು ಹೋಗ್ರಿ."

ದಾರಿಯುದ್ದಕ್ಕೂ ಮಾಳಪ್ಪ ನನ್ನ ಹಿಂದೆಯೇ ನಡೆದ. ನಾನು ನಿಂತರೆ ಅವನೂ ನಿಂತ. ಮುಂದೆ ಹೋಗು ಎಂದರೂ ಹೋಗಲಿಲ್ಲ. ಹಿರಿಯ ಅಧಿಕಾರಿಯ ಮೇಲಿನ ಗೌರವ ಹಳ್ಳಿಗಳಲ್ಲಿ ಇನ್ನೂ ಉಳಿದಿದೆಯಲ್ಲ ಎಂದು ನನಗೆ ಸ್ವಲ್ಪ ಎದೆಯುಬ್ಬಿತು.

ಎದೆಯುಬ್ಬಿದ್ದು ಬಹಳ ಹೊತ್ತು ಉಳಿಯಲಿಲ್ಲ. ಯಾಕೆಂದರೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಒಂದು ಸಂಗತಿ ನೆನಪಾಗುತ್ತದೆ. ಈವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ನೌಕರಿಗೆ ಸೇರಿದ ಹೊಸತರಲ್ಲಿ ನಾನೇ ಈ ಗಾಯರಾಣವನ್ನು ಅಳೆದಿದ್ದೆ. ಸುಡುವ ಬಿಸಿಲು. ಮಾಳಪ್ಪನ ಅಪ್ಪ, ದೊಡ್ಡ ಮೀಸೆಯ ಮನುಷ್ಯ, ಕಂಬಳಿ ಹಾಸಿ, "ಕುಂತ್ರಿ ಸಾಹೇಬ್ರ, ಬಿಸಲಾಗ ಬಂದೀರಿ, ಮಜ್ಜಿಗಿ ತರತೇನಿ" ಎಂದು ಮನೆಗೆ ಹೋದ. ಅವನು ಬರುವುದರೊಳಗೆ ಹಾಳೆ ತುಂಬಿಸಿಬಿಡೋಣವೆಂದು ನಾನು ಕುಳಿತೆ. 'ನೆಲದ ಉಪಯೋಗ' ಎಂಬ ಒಂದು ಕಾಲಂ ಇತ್ತು, ಎರಡು ಬೆರಳಷ್ಟೇ ಅಗಲ. ಜೋಳ, ಹತ್ತಿ, ಕಡಲೆ ಬರೆಯಬಹುದಿತ್ತು. ಇಲ್ಲಿ ಅದ್ಯಾವುದೂ ಇರಲಿಲ್ಲ. 'ಪಡ' ಎಂದು ಬರೆದೆ, ಅಂದರೆ ಬೀಳುನೆಲ. ಖಚಿತವಾಗಿರಲೆಂದು ಪಕ್ಕಕ್ಕೆ 'ಉಪಯೋಗ ಇಲ್ಲ' ಎಂದೂ ಸೇರಿಸಿ ಸಹಿ ಮಾಡಿದೆ. ಆಗ ಆ ಉಪಯೋಗವಿಲ್ಲದ ನೆಲವನ್ನು ನನ್ನ ಕಾಲ ಬುಡದವರೆಗೂ ಕುರಿಗಳು ಮೇಯುತ್ತಿದ್ದವು. ಅಷ್ಟರಲ್ಲಿ ಕೊತ್ತಂಬರಿ, ಉಪ್ಪು ಹಾಕಿದ ಮಜ್ಜಿಗೆ ಬಂತು. ಮೂರು ಲೋಟ ಕುಡಿದೆ.

ಬರೆದದ್ದನ್ನು ಮರೆತೆ. ಕಚೇರಿ ಮರೆಯಲಿಲ್ಲ. ಎರಡು ಬೆರಳ ಆ ಕಾಲಂ ಒಂದು ರಜಿಸ್ಟರಿನಿಂದ ಇನ್ನೊಂದಕ್ಕೆ ನಕಲಾಗುತ್ತ ಬಂತು. ಹೋದ ವರ್ಷ ತಂತಿಬೇಲಿಯವರು ತೋರಿಸಿದ ಕಾಗದದಲ್ಲಿ, ಉಪಯೋಗ ಇಲ್ಲದ ಪಡ ನೆಲವಾದ್ದರಿಂದ ಕೊಡಲು ಅಡ್ಡಿಯಿಲ್ಲವೆಂದು ಇತ್ತಂತೆ. ನಾನು ಸುಮ್ಮನಿದ್ದೆ. ಯಾರೂ ಕೇಳಲಿಲ್ಲ. ನಮ್ಮ ಇಲಾಖೆಯಲ್ಲಿ ಇದಕ್ಕೆ ತನಿಖೆ ಮುಕ್ತಾಯವಾಯಿತು ಎನ್ನುತ್ತಾರೆ.

ದಿನ್ನೆ ಹತ್ತಿದೆವು. ಹುಲ್ಲಿನ ಮೇಲೆ ಇಬ್ಬನಿ. ಜಾಲಿಗಂಟಿಗಳ ನಡುವೆ ಕಂಬಗಳು ನಿಂತಿದ್ದವು, ತೆಳ್ಳಗೆ, ಸಾಲಾಗಿ. ಎಡಗಣ್ಣು ಮುಚ್ಚಿತು. ಸಾಲು ಬಹಳ ನೇರವಾಗಿತ್ತು. ಅದೇ ಸಂಶಯಕ್ಕೆ ಕಾರಣ. ಕಂಬದಿಂದ ಕಂಬಕ್ಕೆ ಎಷ್ಟು ಅಂತರವೆಂದು ಹೆಜ್ಜೆ ಎಣಿಸುತ್ತ ಮುಂದೆ ಹೋದೆ. ಏಳನೆಯ ಹೆಜ್ಜೆಗೆ ಗಾಳಿಯೇ ನನ್ನನ್ನು ಹಿಡಿದುಕೊಂಡಿತು.

"ಅಲ್ಲಾಡಬ್ಯಾಡ್ರಿ ಸರ್! ಅಲ್ಲಾಡಬ್ಯಾಡ್ರಿ! ಹರೀತದ!" ಎಂದು ಒಬ್ಬ ಹೆಣ್ಣುಮಗಳು ಓಡಿ ಬಂದಳು. ಹರಿಯುವುದು ನಾನಲ್ಲ, ಬಲೆ. ಕಂಬದಿಂದ ಕಂಬಕ್ಕೆ ಕಟ್ಟಿದ ಕೂದಲೆಳೆಯಂಥ ಕಪ್ಪು ಬಲೆ. ಅದು ಹಕ್ಕಿಗಳ ಕಣ್ಣಿಗೆ ಕಾಣುವುದಿಲ್ಲವಂತೆ. ಒಂದೇ ಕಣ್ಣು ತೆರೆದವರಿಗೂ ಕಾಣುವುದಿಲ್ಲ. ಆಕೆ ಮೊದಲು ನನ್ನ ಕಾಲು, ಆಮೇಲೆ ಕೋಟಿನ ಗುಂಡಿಗಳು, ಕೊನೆಗೆ ಕನ್ನಡಕ, ಹೀಗೆ ಬಹಳ ತಾಳ್ಮೆಯಿಂದ ಬಿಡಿಸಿದಳು. ಹಕ್ಕಿಯನ್ನೂ ಕಾಲಿನಿಂದಲೇ ಬಿಡಿಸಿ, ಆ ಕಾಲಿಗೆ ನಂಬರಿನ ಉಂಗುರ ಹಾಕುತ್ತಾರೆಂದು ನಂತರ ತಿಳಿಯಿತು.

"ಇದಕ್ಕೂ ಒಂದು ನಂಬರ ಹಾಕ್ರಿ ಅಕ್ಕಾರ," ಎಂದ ಅದನ್ನು ಕೇಳಿದ ಮಾಳಪ್ಪ ನನ್ನನ್ನು ತೋರಿಸಿ, "ಕಳದ್ರ ಸಿಗತೈತಿ."

ಆಕೆ ಸುಜಾತಾ, ರಾಮದುರ್ಗದವರು. ಧಾರವಾಡದಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾರೆ. ಜೊತೆಗಿದ್ದವರು ಅದೇ ಕಾಲೇಜಿನ ಇಬ್ಬರು ಮಾಸ್ತರರು. ಚಳಿಗಾಲಕ್ಕೆ ದೂರದಿಂದ ಬರುವ ಹಕ್ಕಿಗಳನ್ನು ಹಿಡಿದು, ಕಾಲಿಗೆ ನಂಬರಿನ ಉಂಗುರ ಹಾಕಿ, ತೂಗಿ, ಅಳೆದು, ಬಿಟ್ಟುಬಿಡುತ್ತಾರೆ. ಮುಂದೆ ಎಲ್ಲಿಯಾದರೂ ಯಾರಿಗಾದರೂ ಆ ಹಕ್ಕಿ ಸಿಕ್ಕರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಅರಣ್ಯ ಇಲಾಖೆಯ ಪರವಾನಗಿ ಪತ್ರ ತೋರಿಸಿದರು. ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಶಿಕ್ಕಾ, ಅಂದರೆ ಮೊಹರು, ಅಸಲಿಯೇ ಇತ್ತು. ಅಸಲಿ ಶಿಕ್ಕೆಯ ಕೆಳಗೆ ಏನೇನು ಬರೆಯುತ್ತಾರೆಂಬುದು ನನ್ನಷ್ಟು ಯಾರಿಗೆ ಗೊತ್ತು?

ಅಷ್ಟರಲ್ಲಿ ಪಂಚಾಯ್ತಿ ಮೆಂಬರ್ ಶಂಕ್ರಪ್ಪ ಮೋಟರ್ ಸೈಕಲ್ ಏರಿ ಬಂದ. ಜೋಳ ಬಿತ್ತಲು ಹೊರಟಿದ್ದ ಮೂವರು ಕೂರಿಗೆಯನ್ನು ಅಲ್ಲೇ ಬಿಟ್ಟು ಬಂದರು. ಶಂಕ್ರಪ್ಪ ಇಂಥದ್ದಕ್ಕೆಲ್ಲ ಒಂದು ಸಿದ್ಧಾಂತ ಇಟ್ಟುಕೊಂಡೇ ಇರುತ್ತಾನೆ.

"ಮೊದಲ ದನದ ಕಿವಿಗೆ ಹಳದಿ ಬಿಲ್ಲಿ ಹೊಡದ್ರು. ಈಗ ಹಕ್ಕಿ ಕಾಲಿಗೆ ಬಂತು. ಏನೋ ಜಾಡ ಹಿಡಕೋತ ಬರಾಕ ಹತ್ತಾರ, ತಿಳೀತಿಲ್ಲೋ?"

"ಯಾತರ ಜಾಡ?" ಎಂದ ಬಿತ್ತುವವರಲ್ಲೊಬ್ಬ.

"ಅದು ತಿಳಿದ್ರ ನಾ ಮೆಂಬರ್ ಯಾಕ ಆಗತಿದ್ದೆ?"

ಬಲೆಯಲ್ಲಿ ಒಂದು ಹಕ್ಕಿ ಬಿತ್ತು. ಕಂದು ಬಣ್ಣದ, ಉದ್ದ ಕಾಲಿನ, ನೆಲದ ಮೇಲೆ ಓಡಾಡುವ ಜಾತಿ. ಸುಜಾತಾ ಅದನ್ನು ಬಿಡಿಸಿ ಬಟ್ಟೆಯ ಚೀಲಕ್ಕೆ ಹಾಕಿ ತೂಗುವ ಕೊಂಡಿಗೆ ನೇತುಹಾಕಿದರು.

"ತೂಗತಾರ ನೋಡ್ರಿ! ತೂಗೂದು ಯಾರು? ಮಾರಾವ್ರು!" ಎಂದ ಶಂಕ್ರಪ್ಪ.

"ಇಪ್ಪತ್ತೆರಡು ಗ್ರಾಂ ಅದರಿ," ಎಂದರು ಸುಜಾತಾ. "ಮಾರಿದ್ರ ಚಹಾಕ್ಕೂ ಆಗೂದಿಲ್ಲ."

ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ, ಎದೆಯ ಗರಿಗಳನ್ನು ಬಾಯಿಂದ ಉಫ್ ಎಂದು ಊದಿ, ಚರ್ಮದೊಳಗೆ ಎಷ್ಟು ಕೊಬ್ಬಿದೆ ಎಂದು ನೋಡಿದರು. ಬೆರಳ ತುದಿಯಿಂದ ಎದೆಯ ಎಲುಬು ಸವರಿದರು. ಅಲ್ಲಿಯವರೆಗೆ ದೂರ ನಿಂತಿದ್ದ ಮಾಳಪ್ಪ ಎರಡು ಹೆಜ್ಜೆ ಹತ್ತಿರ ಬಂದ.

"ಎಲವು ಹತ್ತತೈತೇನ್ರಿ?"

"ಹತ್ತತದ ಕಾಕಾ. ಬಹಳ ದೂರ ಹಾರಿ ಬಂದದ, ಸೊರಗೇದ. ಹದಿನೈದ ದಿನಾ ಇಲ್ಲೆ ಮೇಯ್ದ್ರ ತುಂಬಕೋತದ."

"ಕುರಿಗೆ ನಾವು ಬೆನ್ನಿನ ಮ್ಯಾಲ ನೋಡತೇವಿ," ಎಂದ ಮಾಳಪ್ಪ. ಬೆಳಗಿನಿಂದ ಅವನು ಆಡಿದ ಮಾತುಗಳಲ್ಲಿ ಸಂಶಯವಿಲ್ಲದ್ದು ಇದೊಂದೇ.

ಉಂಗುರವನ್ನು ಇಕ್ಕಳದಿಂದ ಮೆಲ್ಲಗೆ ಮುಚ್ಚಿ, ನಂಬರು ಓದಿ, ಕೈ ಬಿಚ್ಚಿದರು. ಹಕ್ಕಿ ಒಂದು ಗಳಿಗೆ ಅಂಗೈ ಮೇಲೆಯೇ ಕುಳಿತು ನಮ್ಮನ್ನೆಲ್ಲ ಒಂದೊಂದು ಕಣ್ಣಿನಿಂದ ನೋಡಿತು. ನನಗೆ ಅದರ ಪದ್ಧತಿ ಮೆಚ್ಚಿಗೆಯಾಯಿತು. ಆಮೇಲೆ ಹಾರಿತು.

"ಹಿಂಗ ಬಾಯಿಮಾತಿಲೆ ನಡ್ಯಾಂಗಿಲ್ಲ," ಎಂದ ಶಂಕ್ರಪ್ಪ. "ಊರ ಜಾಗಾದಾಗ ಏನ ನಡದೈತಿ ಅಂತ ಪಂಚನಾಮಿ ಆಗಬೇಕು. ಸಾಹೇಬ್ರ, ಬರೀರಿ."

ನಮ್ಮ ಕಡೆ ಕಳುವಾಗಲಿ, ಬೆಂಕಿ ಬೀಳಲಿ, ಎಮ್ಮೆ ಬಾವಿಗೆ ಬೀಳಲಿ, ಐದು ಜನ ಪಂಚರನ್ನು ನಿಲ್ಲಿಸಿ ಕಣ್ಣಿಗೆ ಕಂಡದ್ದನ್ನು ಬರೆಸಿ ಸಹಿ ಹಾಕಿಸದಿದ್ದರೆ ಆ ಘಟನೆ ಸಂಭವಿಸಿಯೇ ಇಲ್ಲ. ನಾನು ಕಲ್ಲಿನ ಮೇಲೆ ಕುಳಿತೆ. ಬಹಳ ವರ್ಷಗಳ ಮೇಲೆ ನನಗೆ ಯೋಗ್ಯವಾದ ಕೆಲಸ ಸಿಕ್ಕಿತ್ತು. ಬರೆದು, ಗಟ್ಟಿಯಾಗಿ ಓದಿದೆ:

"ಈ ದಿವಸ ಮುಂಜಾನೆ ಏಳು ಗಂಟೆಯ ಸುಮಾರಿಗೆ ನಾವು ಕೆಳಗೆ ಸಹಿ ಮಾಡಿದ ಪಂಚರು ಸಮಕ್ಷಮ ಹಾಜರಿದ್ದು ಬರೆಯಿಸಿಕೊಟ್ಟ ಪಂಚನಾಮೆ ಏನಂದರೆ, ಸದರಿ ಗಾಯರಾಣದಲ್ಲಿ ಹಕ್ಕಿ ಒಂದು. ಬಣ್ಣ ಕಂದು. ತೂಕ ಇಪ್ಪತ್ತೆರಡು ಗ್ರಾಂ. ಎಡಗಾಲಿಗೆ ಬಿಳಿ ಲೋಹದ ಉಂಗುರ. ವಾಸ ಹಿಮಾಲಯದ ಆಚೆ, ಪೂರ್ತಿ ವಿಳಾಸ ತಿಳಿದುಬಂದಿಲ್ಲ. ಇಲ್ಲಿಗೆ ಬಂದ ಕಾರಣ ಚಳಿ ಇರುತ್ತದೆ. ಪಂಚನಾಮೆ ಬರೆಯುವ ಮುನ್ನವೇ ಸದರಿ ಹಕ್ಕಿ ಸ್ಥಳದಿಂದ ಪರಾರಿಯಾಗಿರುತ್ತದೆ."

"ಸಹಿ ಆಗೂಕಿಂತ ಮೊದಲ ಹ್ಯಾಂಗ ಬಿಟ್ರಿ?" ಎಂದು ಒಬ್ಬ ಪಂಚ ಸುಜಾತಾ ಅವರನ್ನು ತರಾಟೆಗೆ ತೆಗೆದುಕೊಂಡ. ಅವರು ನಗು ತಡೆದುಕೊಂಡು, ಹಕ್ಕಿಯನ್ನು ಕೆಲವೇ ನಿಮಿಷಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ ಎಂದರು. ಪೊಲೀಸ್ ಠಾಣೆಗೂ ಇಂಥದೊಂದು ನಿಯಮ ಬೇಕಿತ್ತು ಎಂದ ಶಂಕ್ರಪ್ಪ, ಬಹುಶಃ ಅನುಭವದಿಂದ.

ಪಂಚನಾಮೆಗೆ ಸುಜಾತಾ ಅವರ ಕಾಗದಪತ್ರಗಳ ವಿವರವೂ ಬೇಕೆಂದು ಕೇಳಿ, ಅವರ ಹಲಗೆಯ ಮೇಲಿದ್ದ ಫಾರ್ಮನ್ನು ಈಸಿಕೊಂಡೆ. ಇಂಗ್ಲಿಷಿನಲ್ಲಿತ್ತು. ಬೇರೆಯವರು ಫಾರ್ಮ್ ಸಿಕ್ಕರೆ ತುಂಬಿಸಿದ್ದನ್ನು ಓದುತ್ತಾರೆ. ನಾನು ಮೊದಲು ಕಾಲಂಗಳ ತಲೆಬರಹ ಓದುವವನು. ಊರು, ಹವೆ, ಗಿಡಗಂಟಿ, ಬಲೆಯ ಉದ್ದ. ಅದರ ಕೆಳಗೆ ಒಂದು ಕಾಲಂ ಕಂಡು ನನ್ನ ಬೆನ್ನುಹುರಿ ನೆಟ್ಟಗಾಯಿತು.

"ಮೇಡಮ್, ಇದೇನಿದು?"

"ಅಡಚಣಿ ಕಾಲಂ ರೀ ಸರ್. ಹಕ್ಕಿಗೋಳಿಗೆ ಇಲ್ಲೆ ಏನೇನ ತೊಂದ್ರಿ ಅದ ಅಂತ. ಗಣಿ, ಬೆಂಕಿ, ನಾಯಿ..."

"ಈ ಪಟ್ಟಿಯೊಳಗ ನೀವು ಗೀಟು ಹಾಕಿದ್ದು ಕುರಿ ಮೇಯಿಸೋದಕ್ಕ ಅಲ್ಲೇನು?"

"ಹೌದ್ರಿ. ಕುರಿ ಅದಾವಲ್ರಿ ಮತ್ತ."

ಒಪ್ಪಿಕೊಳ್ಳುತ್ತೇನೆ, ಮೊದಲು ನನಗಾದದ್ದು ಸಂತೋಷ. ಬೆಳಗಿನಿಂದ ಹುಡುಕುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿದ್ದ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಿ ಹೇಳಿದೆ. ಶಂಕ್ರಪ್ಪ ತೊಡೆ ತಟ್ಟಿದ. ಮಾಳಪ್ಪ ಮಾತ್ರ ಕೂಗಾಡಲಿಲ್ಲ. ಕೋಲಿನ ಮೇಲೆ ಗದ್ದ ಊರಿ ಸುಜಾತಾ ಅವರನ್ನು ನೋಡಿದ.

"ಅಂದ್ರ ನನ್ನ ಕುರಿ ಹಕ್ಕಿಗೆ ತ್ರಾಸ ಕೊಡತಾವು. ನಾಳೆ ಈ ಕಾಗದ ಹಿಡಕೊಂಡ ಒಬ್ಬಾಂವ ಬರತಾನ. ಹಕ್ಕಿ ಸಲುವಾಗಿ ಕುರಿ ಹೊರಗ ಹಾಕ್ರಿ ಅಂತಾನ. ಇನ್ನೊಂದ ಬೇಲಿ ಹಾಕತಾನ. ಹಕ್ಕಿ ಬಾಯಿ ಬಿಟ್ಟ ಹೇಳ್ತೇನ್ರಿ ಅಕ್ಕಾರ, ತ್ರಾಸ ಆಗಾಕ ಹತ್ತೇತಿ ಅಂತ?"

ಸುಜಾತಾ ಅವರ ಮುಖ ಕೆಂಪಾಯಿತು. "ಇಲ್ಲ ಕಾಕಾ," ಎಂದರು. "ಖರೆ ಹೇಳಬೇಕಂದ್ರ ಉಲ್ಟಾ ಅದ. ಆ ತಂತಿಬೇಲಿ ಒಳಗ ನೋಡ್ರಿ, ಹುಲ್ಲು ಸೊಂಟದಮಟ ಬೆಳದದ. ಅಲ್ಲೆ ಈ ಜಾತಿ ಹಕ್ಕಿ ಒಂದೂ ಇಳಿಯೂದಿಲ್ಲ. ಇವಕ್ಕ ಓಡ್ಯಾಡಿ ಹುಳಾ ಹುಡುಕಲಿಕ್ಕೆ ಗಿಡ್ಡ ಹುಲ್ಲು ಬೇಕು. ನಿಮ್ಮ ಕುರಿ ಮೇಯ್ದಲ್ಲೆನ ಬರ್ತಾವ."

"ಹಂಗಾದ್ರ ಉಪಕಾರ ಅಂತ ಒಂದು ಕಾಲಂ ಇಲ್ಲೇನು?" ಎಂದೆ.

"ಇಲ್ರಿ ಸರ್. ಫಾರ್ಮ್ ಮ್ಯಾಲಿಂದ ಛಾಪಾ ಆಗಿ ಬರ್ತದ. ನಾವು ಗೀಟು ಹಾಕೂದಷ್ಟ."

ನನ್ನ ಅನುಭವವನ್ನೆಲ್ಲ ಒಟ್ಟುಗೂಡಿಸಿ ಸಲಹೆ ಕೊಟ್ಟೆ: "ಆ ಗೀಟು ಹೊಡದುಹಾಕಿಬಿಡ್ರಿ."

"ಬ್ಯಾಡ," ಎಂದ ಮಾಳಪ್ಪ.

ಎಲ್ಲರೂ ಅವನ ಕಡೆ ತಿರುಗಿದರು.

"ಗೀಟು ತಗದ್ರ ಇಲ್ಲೆ ಕುರೀನ ಇಲ್ಲ ಅಂತ ಆತು. ಹಂಗ ಒಮ್ಮಿ ಬರದಾರ. ಸಾಕು." ಈ ಮಾತು ಹೇಳುವಾಗ ಅವನು ನೋಡುತ್ತಿದ್ದದ್ದು ಸುಜಾತಾ ಅವರನ್ನಲ್ಲ.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅದು ಸ್ವಚ್ಛವಾಗಿಯೇ ಇತ್ತು.

"ನಿಮ್ಮ ಅಕ್ಷರ ಭಾಳ ಚಂದ ಐತ್ರಿ ಸಾಹೇಬ್ರ," ಎಂದ. "ಬೇಲಿ ಬಿದ್ದಾಗ ಸವದತ್ತಿಗೆ ಹೋಗಿ ನಕಲ ತಗಸಿದೆ. ಅಲ್ಲಿ ಒಬ್ರ ಓದಿ ಹೇಳಿದ್ರು. ಪಡ, ಉಪಯೋಗ ಇಲ್ಲ. ಕೆಳಗ ಸಹಿ ಯಾರದು ಅಂತ ಕೇಳಿದೆ. ಅದನ್ನೂ ಓದಿದ್ರು."

"ಒಂದು ವರ್ಷದಿಂದ ಗೊತ್ತದ ನಿನಗ?"

"ಹೂಂನ್ರಿ."

"ಮತ್ತ ಇವತ್ತು ನನ್ನ ಬಾಗಿಲಿಗೆ ಯಾಕ ಬಂದಿ ಮಾಳಪ್ಪಾ?"

"ನಮ್ಮಪ್ಪ ನಿಮ್ಮನ್ನ ಒಬ್ಬರನ್ನ ಇಲ್ಲಿ ಬಿಟ್ಟ ಮಜ್ಜಿಗಿ ತರಾಕ ಹೋಗಿದ್ದ. ನಾ ಬಿಡಂಗಿಲ್ಲ. ಇಲ್ಲೆ ಯಾರರ ಬಂದ ಏನರ ಬರಿಯೂದಿದ್ರ ನೀವು ನನ್ನ ಕಣ್ಣ ಮುಂದ ಇರಬೇಕು."

ಬೆಳಗಿನಿಂದ ಅವನು ನನ್ನ ಹಿಂದೆ ನಡೆದದ್ದು ಯಾಕೆಂದು ಆಗ ತಿಳಿಯಿತು. ಅದಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ಬೇರೆಯಿತ್ತು. ಕಂಬದವರ ಮೇಲೆ, ಶಿಕ್ಕೆಯ ಮೇಲೆ, ಫಾರ್ಮಿನ ಮೇಲೆ ಸಂಶಯಪಡುತ್ತ ಬಂದ ಹಿರಿಯ ಅಧಿಕಾರಿ, ಇಡೀ ಗ್ರಾಮದಲ್ಲಿ ಸಂಶಯಕ್ಕೆ ಅತ್ಯಂತ ಅರ್ಹನಾದ ಮನುಷ್ಯನ ಚಪ್ಪಲಿಯಲ್ಲೇ ಕಾಲಿಟ್ಟುಕೊಂಡು ನಡೆದು ಬಂದಿದ್ದ.

"ಷರಾ ಅಂತ ಒಂದು ಜಾಗ ಇರಬೇಕಲ್ಲ ಫಾರ್ಮಿನ್ಯಾಗ?" ಎಂದು ಸುಜಾತಾ ಅವರನ್ನು ಕೇಳಿದೆ.

"ಕಡೀಕ ಅದರಿ ಸರ್. ಆದ್ರ ಅದನ್ನ ಯಾರೂ ಓದೂದಿಲ್ಲ."

"ಕೊಡ್ರಿ. ಓದದಿದ್ರೂ ಇರತದ."

ಮೊದಲ ಸಲ ಬರೆದದ್ದು 'ಯಾಕಂದರೆ', 'ಸದರಿ', 'ಮೇಲ್ಕಾಣಿಸಿದ' ಎಲ್ಲ ಸೇರಿ ಷರಾ ಮೀರಿ ಹಾಳೆಯ ಬೆನ್ನಿಗೆ ಹೋಯಿತು. ಮಾಳಪ್ಪ ಕೈಯೆತ್ತಿದ. "ನೀವ ಓದಬ್ಯಾಡ್ರಿ. ಅಕ್ಕಾರ ಓದ್ಲಿ." ಅವರು ಓದಿದರು. "ಇದರಾಗ ಕುರಿ ಎಲ್ಲಿ ಐತ್ರಿ?" ಎಂದ ಮಾಳಪ್ಪ. ಹುಡುಕಿದರೆ ನಿಜವಾಗಿ ಇರಲಿಲ್ಲ. ಹೊಸ ಫಾರ್ಮ್ ತೆಗೆಸಿ, ಗೀಟನ್ನು ಹಾಗೇ ಇಟ್ಟು, ಷರಾದಲ್ಲಿ ಎರಡೇ ಸಾಲು ಬರೆದೆ: ಇಲ್ಲಿ ಕುರಿ ಮೇಯುತ್ತವೆ. ಕುರಿ ಮೇಯುವುದರಿಂದಲೇ ಈ ಹಕ್ಕಿಗಳು ಇಳಿಯುತ್ತವೆ. ಸುಜಾತಾ ಅದರ ಕೆಳಗೆ ತಮ್ಮ ಸಹಿ ಹಾಕಿದರು. ಪಂಚನಾಮೆಗೂ ಕೆಲವು ಸಾಲು ಕೂಡಿಸಿದೆ: ಈ ನೆಲ ಪಡ ಅಲ್ಲ, ಹಿಂದೆ ಪಡ ಎಂದು ಬರೆದವನು ನಾನೇ, ಕುರಿಗಳನ್ನು ಕಣ್ಣಾರೆ ಕಂಡೂ ಬರೆದೆ, ಅದು ತಪ್ಪು. ನನ್ನ ಪೂರ್ತಿ ಹೆಸರು, ಹುದ್ದೆ. ಈ ಕಾಗದಗಳಿಂದ ನಾಳೆ ಬರುವ ಬೇಲಿ ನಿಲ್ಲುತ್ತದೋ ಇಲ್ಲವೋ ನಾನು ಹೇಳಲಾರೆ. ಕಾಗದ ಎಷ್ಟು ದೂರ ಹೋಗುತ್ತದೆಂಬುದು ಮಾತ್ರ ಗೊತ್ತು.

ಮಾಳಪ್ಪ ಎರಡೆರಡು ಸಲ ಓದಿಸಿಕೊಂಡ. ಅವನ ಮುಖ ಸಡಿಲವಾಗಲಿಲ್ಲ.

"ಕುರಿ ಎಷ್ಟು ಅಂತ ಹಾಕಿದ್ರ ಗಟ್ಟಿ ಆಗ್ತದ ಕಾಕಾ," ಎಂದರು ಸುಜಾತಾ. "ಎಷ್ಟದಾವ?"

ಸುಜಾತಾ ಅವರಿಗೆ ಗೊತ್ತಿರಲಿಲ್ಲ, ರಾಮದುರ್ಗದ ಪೇಟೆಯಲ್ಲಿ ಬೆಳೆದವರು. ನಮ್ಮ ಕಡೆ ಕುರಿಯವನಿಗೆ ಕುರಿ ಎಷ್ಟೆಂದು ಕೇಳುವಂತಿಲ್ಲ. ಕೇಳಿದರೆ 'ಅದಾವ್ರಿ ಒಂದೀಟು' ಎಂದು ಹೇಳಿ ಆಕಾಶ ನೋಡುತ್ತಾನೆ. ಬಾಯಿಬಿಟ್ಟು ಎಣಿಸಿದ್ದು ಉಳಿಯುವುದಿಲ್ಲವೆಂದು ನಂಬಿಕೆ. ಕುರಿಯವರದಷ್ಟೇ ಅಲ್ಲ, ನಮ್ಮ ಮನೆಯದೂ ಅದೇ ಕಥೆ. ನಾನು ಚಿಕ್ಕವನಿದ್ದಾಗ ಜನಗಣತಿಗೆ ಬಂದವನು ನಮ್ಮ ಅಜ್ಜಿಯ ತಂಗಿಯ ಮಗನೇ. ಹಿಂದಿನ ದಿನವಷ್ಟೇ ನಮ್ಮ ಪಂಕ್ತಿಯಲ್ಲಿ ಕುಳಿತು ಕಡುಬು ತಿಂದು ಹೋಗಿದ್ದ. ಮನೆಯಲ್ಲಿ ಏಳು ಮೊಮ್ಮಕ್ಕಳು. "ಮೂರು ಅವ," ಎಂದಳು ಅಜ್ಜಿ, ನಾಲ್ವರನ್ನು ಕಣಜದ ಹಿಂದೆ ನಿಲ್ಲಿಸಿ. ಜೋಳದ ಧೂಳು, ಕತ್ತಲೆ, ನನ್ನ ಕಾಲ ಮೇಲೆ ತಂಗಿಯ ಕಾಲು. ಅವನು ಮುಲಾಜಿಗೆ ಮೂರೇ ಬರೆದುಕೊಂಡು ಹೋದ. ಸರಕಾರದ ಲೆಕ್ಕದಲ್ಲಿ ನಾನು ಹತ್ತು ವರ್ಷ ಹುಟ್ಟಿರಲೇ ಇಲ್ಲ. ಅಜ್ಜಿ ಮಾತ್ರ ನಾವು ಏಳೂ ಜನ ಬದುಕಿ ಉಳಿದದ್ದು ತನ್ನ ಆ ಒಂದು ಸುಳ್ಳಿನಿಂದಲೇ ಎಂದು ಸಾಯುವವರೆಗೆ ಹೇಳುತ್ತಿದ್ದಳು.

ಹಾಗಾಗಿ ಮಾಳಪ್ಪ ಉತ್ತರ ಕೊಡುವುದಿಲ್ಲವೆಂದೇ ನಾನು ತಿಳಿದಿದ್ದೆ. ಅವನು ಕುರಿಗಳ ಕಡೆ ನೋಡಿದ. ಜಾಲಿಯ ಆಚೆ ಅವು ತಲೆ ತಗ್ಗಿಸಿ ತಮ್ಮ ಪಾಡಿಗೆ ಮೇಯುತ್ತಿದ್ದವು. ಆಮೇಲೆ ಅವುಗಳಿಗೆ ಬೆನ್ನು ತಿರುಗಿಸಿ ನಿಂತು, ತಲೆಯ ರುಮಾಲಿನ ಸೆರಗು ಬಾಯಿಗೆ ಅಡ್ಡ ಹಿಡಿದು, ಒಂದು ಸಂಖ್ಯೆ ಹೇಳಿದ. ಒಂದೇ ಸಲ. ಸುಜಾತಾ ಫಾರ್ಮಿನಲ್ಲಿ ಬರೆದುಕೊಂಡರು, ನಾನು ಪಂಚನಾಮೆಯಲ್ಲಿ ಬರೆದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಎರಡು ಕಾಗದಗಳಲ್ಲಿದೆ, ಅಷ್ಟು ಸಾಕು.

ಪಂಚರು ಸಹಿ ಮಾಡಿ ಬಿತ್ತಲು ಹೋದರು. ಬಿಸಿಲೇರಿತೆಂದು ಮಾಸ್ತರರು ಬಲೆ ಬಿಚ್ಚತೊಡಗಿದರು. ಮಾಳಪ್ಪ ಕುರಿಗಳನ್ನು ನೀರಿಗೆ ಹೊರಡಿಸಿದ. ಕೆಳಗಿಳಿಯಬೇಕಾದರೆ ಎರಡು ಜಾಲಿಗಂಟಿಗಳ ನಡುವಿನ ಒಂದು ಇಕ್ಕಟ್ಟಾದ ಸಂದಿ ದಾಟಬೇಕು. ನಾನು ಅದರ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದೆ. ನನ್ನ ಗುಣ ನಿಮಗೆ ಗೊತ್ತಾಗಿದೆ. ಇವನು ನಿಜ ಹೇಳಿರಲಿಕ್ಕಿಲ್ಲ, ಒಂದೈದಾದರೂ ಕಡಿಮೆ ಹೇಳಿರಬೇಕು ಎಂಬ ಸಂಶಯ ಒಳಗೇ ಕೊರೆಯುತ್ತಿತ್ತು. ಬೆರಳು ಕೋಟಿನ ಕಿಸೆಯಲ್ಲಿ ಬಚ್ಚಿಟ್ಟು, ತುಟಿ ಅಲ್ಲಾಡಿಸದೆ ಎಣಿಸತೊಡಗಿದೆ. ಕುರಿಗಳು ಸಾಮಾನ್ಯವಾಗಿ ಅಂಥ ಸಂದಿಯಲ್ಲಿ ನುಗ್ಗಾಡುತ್ತವೆ. ಅಂದು ಒಂದರ ಹಿಂದೆ ಒಂದು ಬಂದವು. ನೋಡಿದರೆ ಸಂದಿಯ ಆ ಬದಿಗೆ ಮಾಳಪ್ಪ ಕೋಲು ಅಡ್ಡ ಹಿಡಿದು ನಿಂತಿದ್ದಾನೆ. ಒಂದು ದಾಟಿದ ಮೇಲೆ ಕೋಲು ಎತ್ತುತ್ತಾನೆ, ಇನ್ನೊಂದನ್ನು ಬಿಡುತ್ತಾನೆ.

ಕಣ್ಣಿಗೆ ಕಣ್ಣು ಸಿಕ್ಕಿತು. ನನ್ನ ಬೆರಳು ಕಿಸೆಯಲ್ಲೇ ನಿಂತುಬಿಟ್ಟಿತು. ಲೆಕ್ಕ ತಪ್ಪಿತು.

"ಎಣಸ್ರಿ," ಎಂದ. "ನೀವು ಎಣಸ್ಲಿ ಅಂತನ ಒಂದೊಂದ ಬಿಡಾಕ ಹತ್ತೇನಿ."

"ತಪ್ಪಿತಲ್ಲೋ ಮಾಳಪ್ಪಾ."

ಅವನು ಕೋಲು ಇಳಿಸಿದ. ದಾಟಿ ಹೋಗಿದ್ದ ಕುರಿಗಳನ್ನು ನಾಲಿಗೆ ಲೊಚಗುಟ್ಟಿ ಮರಳಿ ಕರೆದ. ಅಷ್ಟೂ ಕುರಿಗಳು ಸಂದಿಯಲ್ಲಿ ಹಿಂದಕ್ಕೆ ಬಂದು ಹಿಂಡು ಸೇರುವ ತನಕ ಕಾದ. ಆಮೇಲೆ ಮೊದಲನೆಯದಕ್ಕೆ ಕೋಲು ಎತ್ತಿದ.

ನಾನು ಕೈಯನ್ನು ಕಿಸೆಯಿಂದ ಹೊರತೆಗೆದು, ಎರಡೂ ಕಣ್ಣು ಬಿಟ್ಟು, ಗಟ್ಟಿಯಾಗಿ ಎಣಿಸಲು ಶುರು ಮಾಡಿದೆ.